ಗೊಬ್ಬರದ ಗೋಡೌನಿನಲ್ಲಿ ಹಲಸು

ಮೇ 24, ಶನಿವಾರ

ಎದ್ದು ಮುಖ ತೊಳೆಯುವುದಕ್ಕೂ ಮೊದಲು ಹಣ್ಣು ತಟ್ಟಿದ್ದು. ಈಗ ದಿನಾ ಇದೇ ಡ್ಯೂಟಿ. ಕಾಯಿಯಾದರೆ ಟಣ್, ಹಣ್ಣಾದರೆ ದೊಬ್. ಇವತ್ತು ಮೂರು ದೊಬ್. ಉಳಿದವು ಗೋಣಿ ಹೊದ್ದು ಮಲಗಿವೆ. ಉಗ್ರಾಣದ ಬಾಗಿಲು ತೆಗೆದರೆ ಘಮ ಮುಖಕ್ಕೇ ಹೊಡೆಯುತ್ತದೆ.

ಹೋದ ವಾರ ಫಾರೆಸ್ಟಿನವರು ಜೀಪಿಗೆ ಮೈಕ್ ಕಟ್ಟಿಕೊಂಡು ಬಂದಿದ್ದರು. ಒಂಟಿ ಸಲಗ ಮಲ್ಲಂದೂರು ಕಡೆ ಇದೆ, ಮನೆ ಹತ್ತಿರದ ಮರಗಳಿಂದ ಹಲಸು ಇಳಿಸಿಬಿಡಿ ಎಂದರು. ಇಳಿಸಿದೆವು. ಹಣ್ಣು ಮನೆಯೊಳಗೆ ಇಡಬೇಡಿ ಎಂದೂ ಹೇಳಿದರು. ಅಷ್ಟು ಹೊತ್ತಿಗೆ ಜೀಪು ತಿರುವು ದಾಟಿತ್ತು, ನನಗೆ ಕೇಳಿಸಲಿಲ್ಲ — ಎಂದು ನಾಗೇಶನಿಗೆ ಹೇಳಿದ್ದೇನೆ. (ಎದುರಿಗೆ ‘ರೀ’. ಇಲ್ಲಿ ನಾಗೇಶ. ಗಂಡನ ಹೆಸರು ಹಿಡಿಯಲು ಇದೊಂದು ಪುಸ್ತಕವಾದರೂ ಬೇಡವೇ.)

ಅಕ್ಕಪಕ್ಕದ ತೋಟದವರೆಲ್ಲ ಕೊಚ್ಚಿ ದನಕ್ಕೆ ಹಾಕಿದರಂತೆ, ಗುಂಡಿ ತೋಡಿ ಹೂತರಂತೆ. ನನ್ನ ಕೈಲಾಗುವುದಿಲ್ಲ. ಬಕ್ಕೆ ಹಣ್ಣು, ಗಟ್ಟಿ ತೊಳೆ. ಹೋದ ವರ್ಷ ಮರ ಒಂದು ಕಾಯಿ ಬಿಟ್ಟಿರಲಿಲ್ಲ. ಮಳೆಗಾಲ ಪೂರ್ತಿ ಕಡುಬು, ಮುಳಕ, ದೋಸೆ… ಬೆಲ್ಲ ಹಾಕಿ ಗಟ್ಟಿಯಾಗಿ ಕಾಯಿಸಿ ಭರಣಿಗೆ ತುಂಬಿದರೆ ಮುಂದಿನ ಬೇಸಿಗೆವರೆಗೂ. ಬೀಜಕ್ಕೆ ಕೆಮ್ಮಣ್ಣು ಸವರಿ ಒಣಗಿಸಿಯೂ ಆಯಿತು. ಒಂದು ಆನೆಗೆ ಹೆದರಿ ಇದನ್ನೆಲ್ಲ ಮಣ್ಣುಪಾಲು ಮಾಡಬೇಕಂತೆ!

ಅತ್ತೆ ದ್ಯಾವಮ್ಮ ಜಗಲಿಯಲ್ಲಿ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದರು. "ಹಸಿದು ಹಲಸು, ಉಂಡು ಮಾವು ಅಂತಾರಲ್ಲ, ಆ ಗಾದೆ ಆನೆಗೂ ಗೊತ್ತು ಕಣೆ" ಎಂದರು. ಕೇಳಿಸದವಳ ಹಾಗೆ ಒಳಗೆ ಬಂದೆ.

ಮೇ 27, ಮಂಗಳವಾರ. ಮಧ್ಯಾಹ್ನ

ಏಕಾಂತಪ್ಪನವರ ಅಡುಗೆಮನೆ ಕಿಟಕಿ ಹೋಯಿತು. ಸರಳು ಸಮೇತ. ನಮ್ಮಿಂದ ಒಂದೇ ತೋಟ ಆಚೆ. ಬೆಳಗಿನ ಜಾವ ಸೊಂಡಿಲು ಹಾಕಿ ಒಳಗಿದ್ದ ಹಲಸು, ಬೆಲ್ಲದ ಡಬ್ಬ, ಉಪ್ಪಿನ ಚೀಲ ಎಲ್ಲ ಎಳೆದುಕೊಂಡಿದೆ. ಮನೆಯವರು ಮುಂಬಾಗಿಲಿಂದ ಓಡಿ ಬಚಾವ್. ಆನೆ ಸುದ್ದಿಯ ವಾಟ್ಸಾಪ್ ಗ್ರೂಪಿನಲ್ಲಿ ಫೋಟೋ ಬಂತು. ಕಿಟಕಿ ಇದ್ದ ಜಾಗದಲ್ಲಿ ಕಾಫಿ ಗಿಡ ಕಾಣುತ್ತಿದೆ. ಉಂಡೂ ಹೋದ, ಕೊಂಡೂ ಹೋದ.

ನಾಗೇಶ ಊಟದ ತಟ್ಟೆ ಬಿಟ್ಟು ಎದ್ದ.

"ಶಾಲಿನಿ, ಇವತ್ತೇ ಅಷ್ಟೂ ಹಣ್ಣು ಗುಂಡಿಗೆ. ಇನ್ನೊಂದ್ ಮಾತಿಲ್ಲ."

"ಸ್ವಲ್ಪ ದಿನ ಕೊಡ್ರಿ. ಹಣ್ಣಾದಂಗೆಲ್ಲ ಬಿಡಿಸಿ ಕಾಯಿಸ್ಬಿಡ್ತೀನಿ."

"ಉಗ್ರಾಣದ ಪಕ್ಕದಲ್ಲಿ ಅಮ್ಮ ಮಲಗ್ತಾರೆ ಮಾರಾಯ್ತಿ! ಗೋಡೆ ಕೆಡವಿದ್ರೆ?"

ಆಗ ನಾನೇ ಹೇಳಿದ್ದು. ಅವನಲ್ಲ, ನಾನು. "ಕೆಳಗಿನ ಗೊಬ್ಬರದ ಗೋಡೌನ್ ಖಾಲಿ ಇದ್ಯಲ್ಲ."

ನಾಗೇಶ ನನ್ನ ಮುಖ ನೋಡಿದ. ನಾನು ಸಾರಿನ ಪಾತ್ರೆ ನೋಡಿದೆ. ಇಬ್ಬರಿಗೂ ಗೊತ್ತಿತ್ತು. ಗೋಡೌನು ಕೂಲಿಯವರ ಲೈನ್‌ಮನೆಗಳ ತುದಿಗೆ ಅಂಟಿಕೊಂಡಿದೆ. ನಡುವೆ ಒಂದೇ ಇಟ್ಟಿಗೆಯ ಗೋಡೆ. ಆಚೆ ಮರಿಯಮ್ಮ, ಅವಳ ಗಂಡ ಗುರುವಯ್ಯ. ಮರಗಸಿಗೆ ಕೊಂಬೆ ಕಡಿಯುವಾಗ ಸಿಲ್ವರ್ ಮರದಿಂದ ಬಿದ್ದು ಸೊಂಟ ಹೋದ ಮನುಷ್ಯ. ಮಂಚದಿಂದ ಬಾಗಿಲಿಗೆ ಬರಲಿಕ್ಕೂ ಮರಿಯಮ್ಮನ ಹೆಗಲು ಬೇಕು. ಓಡುವ ಮಾತೇ ಇಲ್ಲ. ಲೈನಿನ ಉಳಿದ ಮನೆಗಳೂ ಖಾಲಿ, ಅಸ್ಸಾಂ ಕಡೆಯವರು ಕೊಯ್ಲು ಮುಗಿಸಿ ಹೋಗಿಯಾಗಿದೆ.

"ಸರಿ" ಎಂದ ನಾಗೇಶ. ಕೈ ತೊಳೆಯಲು ಹೋದ.

ಅದೇ ದಿನ, ಸಂಜೆ

ತೋಟದ ಲೆಕ್ಕ ಬರೆಯುವ ರೈಟರ್ ಲಿಂಗಪ್ಪ ಪಿಕಪ್‌ನಲ್ಲಿ ಹಣ್ಣು ಇಳಿಸಿ ಬಂದ. "ಮರಿಯಮ್ಮ ಕೇಳ್ತಿದ್ಲು ಅಮ್ಮಾವ್ರೆ, ಇಲ್ಲಿಗ್ಯಾಕೆ ತಂದ್ರಿ ಅಂತ."

"ಮನೇಲಿ ಇರುವೆ ಕಾಟ ಅಂತ ಹೇಳಪ್ಪ."

ಎಷ್ಟು ಸಲೀಸಾಗಿ ಬಂತು ಬಾಯಿಗೆ. ಉಗ್ರಾಣ ತೊಳೆಸಿ ಫಿನಾಯಿಲ್ ಹಾಕಿಸಿದೆ. ಅತ್ತೆ ಹಾಸಿಗೆ ಕೊಡವಿ ಹಾಕಿದೆ.

ಮೇ 29, ಗುರುವಾರ

ಮಳೆ ಹಿಡಿದಿದೆ. ಗೋಡೌನಿನ ಬಾಗಿಲಲ್ಲಿ ನಾನೂ ಮರಿಯಮ್ಮನೂ ಕೈಗೆ ಕೊಬ್ಬರಿ ಎಣ್ಣೆ ಸವರಿಕೊಂಡು ಹಣ್ಣು ಬಿಡಿಸಲು ಕೂತೆವು. ಅವಳ ಕೈ ಚುರುಕು, ಬಾಯಿ ಇನ್ನೂ ಚುರುಕು. ಒಂದು ತೊಳೆ ಪಾತ್ರೆಗೆ, ಒಂದು ಬಾಯಿಗೆ. ಬೈಯೋಣ ಎನಿಸಿತು. ಯಾವ ಮುಖದಲ್ಲಿ ಬೈಯಲಿ?

"ಇರುವೆ ಇಲ್ಲೂ ಇದಾವಲ್ಲ ಅಮ್ಮಾವ್ರೆ. ನಿಮ್ಮನೇವಕ್ಕಿಂತ ದಪ್ಪ."

"ಇಲ್ಲಿ ಪರವಾಗಿಲ್ಲ. ಬೇಳೆ-ಅಕ್ಕಿ ಇಲ್ವಲ್ಲ."

ಒಂದು ಸುಳ್ಳಿಗೆ ಇನ್ನೊಂದು ಗಂಟು ಹಾಕಿದೆ. ಅವಳು ನನ್ನನ್ನೇ ನೋಡಿದಳು, ಮತ್ತೆ ಹಣ್ಣಿನ ನಡುವಿನ ಗೂಂಜು ಕೊಯ್ದಳು.

ಗೋಡೆ ಆಚೆಯಿಂದ ಗುರುವಯ್ಯನ ದನಿ: "ಅಮ್ಮಾವ್ರೇ, ಮಲಗಿದ್ದಲ್ಲೇ ಬಾಯಲ್ಲಿ ನೀರು ಬರ್ತಾದೆ! ಗೋಡೆ ಈಚೆಗೂ ಏನ್ ಘಮ!"

ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಕೇಳಿಸಿತು. ಒಂದು ಸ್ಟೀಲ್ ಡಬ್ಬಿ ತುಂಬ ತೊಳೆ ಹಾಕಿ ಕೊಟ್ಟೆ. ಮರಿಯಮ್ಮ ಖುಷಿಯಾಗಿ ತೆಗೆದುಕೊಂಡಳು. ಸಿಪ್ಪೆ, ಗೂಂಜು ಎಲ್ಲ ಯಾವಾಗಲೂ ಹಾಕುವ ಕಡೆಯೇ ಹಾಕಿದೆವು, ಲೈನಿನ ಹಿಂದಿನ ಗುಂಡಿಗೆ.

ಮನೆಯಲ್ಲಿ ಎಲ್ಲರಿಗೂ ಚೆನ್ನಾಗಿ ನಿದ್ದೆ ಬರುತ್ತಿದೆ. ನಾಚಿಕೆಯಾಗುತ್ತದೆ, ನನಗೂ ಬರುತ್ತಿದೆ.

ಮೇ 31, ಶನಿವಾರ

ಬೆಳಿಗ್ಗೆ ದೋಸೆ ಹೊಯ್ಯುತ್ತಿದ್ದೆ. ಮರಿಯಮ್ಮ ಅಂಗಳದಲ್ಲಿ ನಿಂತಿದ್ದಳು. ತಲೆ ಮೇಲೆ ಪ್ಲಾಸ್ಟಿಕ್ ಕೊಪ್ಪೆ.

"ಬನ್ನಿ ಅಮ್ಮಾವ್ರೆ. ಒಂದ್ ತೋರಿಸ್ಬೇಕು."

"ಏನೇ ಅದು, ಇಷ್ಟು ಬೆಳಿಗ್ಗೆ?"

"ಬನ್ನಿ."

ದಾರಿಯುದ್ದಕ್ಕೂ ಮಾತಿಲ್ಲ. ಮರಿಯಮ್ಮ ಮಾತಾಡದೆ ನಡೆದದ್ದು ನಾನು ನೋಡಿಯೇ ಇಲ್ಲ. ಲೈನಿನ ಹಿಂದಕ್ಕೆ ಕರೆದೊಯ್ದಳು. ಸಿಪ್ಪೆ ಗುಂಡಿ ಖಾಲಿ. ಗುಡಿಸಿದ ಹಾಗಿತ್ತು. ಪಕ್ಕದ ಹಸಿಮಣ್ಣಿನಲ್ಲಿ ಹೆಜ್ಜೆ. ನನ್ನ ಎರಡೂ ಅಂಗೈ ಅಗಲಿಸಿ ಇಟ್ಟರೂ ಮುಚ್ಚುವುದಿಲ್ಲ. ಅದರಲ್ಲಿ ಮಳೆ ನೀರು ನಿಂತಿತ್ತು.

"ನಿಮ್ಮನೆ ಇರುವೆ ಬಂದಿತ್ತು" ಎಂದಳು.

ಗೋಡೆಯ ಕಡೆ ಕೈ ತೋರಿಸಿದಳು. ನನ್ನ ತಲೆಗಿಂತ ಎತ್ತರದಲ್ಲಿ ಕೆಸರು ಮೆತ್ತಿತ್ತು.

"ಗೋಡೆಗೆ ಮೈ ತಿಕ್ತು. ಇವ್ರಿಗೆ ಏಳಕ್ಕಾಗಲ್ಲ. ನಂಗೆ ಬಿಟ್ಟು ಓಡಕ್ಕಾಗಲ್ಲ. ದೀಪ ಆರಿಸಿ ಕೂತ್ಕಂಡೆ. ಹೇಳಿ ಅಮ್ಮಾವ್ರೆ, ಹಣ್ಣು ನಿಮ್ಗೆ, ಆನೆ ನಮ್ಗಾ?"

ಏನೆನ್ನಬೇಕಿತ್ತು? ತಪ್ಪಾಯ್ತು ಎನ್ನಬಹುದಿತ್ತು. ನನ್ನ ನಾಲಿಗೆ ಹೇಳಿದ್ದು — "ನೀನೂ ತಿಂದಿದ್ದೀಯಲ್ಲ ಮರಿಯಮ್ಮ!"

"ತಿಂದಿದೀನಿ" ಎಂದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಅದೇ ದಿನ, ಮಧ್ಯಾಹ್ನ

ನಾಗೇಶ ಗುಂಡಿ ತೋಡಿಸಲು ನೋಡಿದ. ತೋಡಿದಷ್ಟೂ ನೀರು. ಜೆಸಿಬಿ ಈ ಕೆಸರಿನಲ್ಲಿ ಮೇಲೆ ಬರುವುದಿಲ್ಲವಂತೆ. ನಾನು ಹೇಳಿದೆ, ನಾಳೆ ಅಷ್ಟೂ ಮೇಲೆ ತರಿಸಿ, ಒಂದೇ ದಿನದಲ್ಲಿ ಕಾಯಿಸಿ ಮುಗಿಸುತ್ತೇನೆ. ಹಣ್ಣೂ ಉಳಿಯಿತು, ಕಾಟವೂ ಹೋಯಿತು.

ಅತ್ತೆ ಕೋಲು ಕುಟ್ಟಿದರು. "ಹಸಿ ಹಣ್ಣಿನ ವಾಸ್ನೆ ತೋಟ ದಾಟಲ್ಲ. ಬೆಲ್ಲ ಹಾಕಿ ಕುದಿಸಿದ್ದು ಗುಡ್ಡ ದಾಟ್ತದೆ. ಬುದ್ಧಿ ಎಲ್ಲಿಟ್ಟಿದೀಯ?"

ಅವರು ಹೇಳಿದ್ದು ಸರಿ ಎಂದು ಆ ಕ್ಷಣಕ್ಕೇ ಹೊಳೆಯಿತು. ಸರಿ ಎನಿಸಿದ ಮೇಲಂತೂ ನನಗೆ ಹಟ ಜಾಸ್ತಿ. ಬೆಲ್ಲ ಜಜ್ಜಲು ಕೂತೆ.

ಜೂನ್ 1, ಭಾನುವಾರ. ಮಧ್ಯಾಹ್ನ ಮೂರು

ಬಚ್ಚಲೊಲೆ ಮೇಲೆ ದೊಡ್ಡ ಕೊಪ್ಪರಿಗೆ. ಬೆಳಗಿನಿಂದ ಮಗುಚುತ್ತಿದ್ದೇನೆ. ತೋಳು ಬಿದ್ದುಹೋಗಿದೆ. ಮರಿಯಮ್ಮ ಬರಲಿಲ್ಲ, ಕರೆಯಲೂ ಇಲ್ಲ. ಹಣ್ಣೆಲ್ಲ ಮೇಲೆ ಬಂತು. ಗೋಡೌನಿನ ಮಣ್ಣಿನ ನೆಲ ಮಾತ್ರ ರಸ ಕುಡಿದು ಅಂಟಂಟಾಗಿದೆಯಂತೆ. ಲಿಂಗಪ್ಪ ನೀರು ಹೊಯ್ದನಂತೆ, ಘಮ ಇನ್ನೂ ಎದ್ದಿತಂತೆ.

ಬಣ್ಣ ತಿರುಗುತ್ತಿದೆ. ಇನ್ನೆರಡು ಗಂಟೆ ಸಾಕು.

ಅದೇ ದಿನ, ರಾತ್ರಿ ಊಟವಾದ ಮೇಲೆ

ಐದು ಗಂಟೆಗೆ ಗ್ರೂಪಿನಲ್ಲಿ ಮೆಸೇಜ್: ಒಂಟಿ ರಸ್ತೆ ದಾಟಿ ನಾಗೇಶಣ್ಣನ ತೋಟದ ಕಡೆ. ಒಲೆಗೆ ನೀರು ಸುರಿದೆ. ಬುಸ್ ಎಂದು ಎದ್ದ ಹಬೆಯಲ್ಲಿ ಹಲಸು, ಬೆಲ್ಲ, ಹೊಗೆ… ಅತ್ತೆ ಮೂಗಿಗೆ ಸೆರಗು ಹಿಡಿದು ನನ್ನನ್ನೇ ನೋಡುತ್ತಿದ್ದರು.

"ರೀ, ಗುರುವಯ್ಯನ್ನ ಕರ್ಕೊಂಡ್ ಬರೋಣ. ಈಗ್ಲೇ."

ನಾಗೇಶ ವಾದ ಮಾಡಲಿಲ್ಲ, ಅಷ್ಟು ಹೇಳಬೇಕು. ಜೀಪು ಕೆರೆ ಏರಿವರೆಗೆ ಹೋಯಿತು. ಅಲ್ಲಿಂದ ಕೆಸರು, ನಡಿಗೆ. ಗುರುವಯ್ಯನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ನಾಗೇಶ, ಲಿಂಗಪ್ಪ ಹೊತ್ತರು. ಮರಿಯಮ್ಮ ಬಾಗಿಲಲ್ಲೇ ನಿಂತಳು.

"ಅಲ್ಲಿಗ್ಯಾಕೆ ಬರ್ಲಿ? ನಿಮ್ಮನೇಲಿ ಬೇಯ್ತಿರೋದೇನು? ಇಲ್ಲೀಗಂಟ ವಾಸ್ನೆ ಬರ್ತಾದೆ."

ಕುರ್ಚಿ ಮೇಲಿಂದ ಗುರುವಯ್ಯ ಹೇಳಿದ: "ಬಾರೇ ಹೋಗಾಣ. ಅಲ್ಲಾದ್ರೆ ಗೋಡೆ ದಪ್ಪ ಇರ್ತದೆ."

ನಡುಮನೆಯಲ್ಲಿ ಎಲ್ಲರೂ ದೀಪ ಆರಿಸಿ ಕೂತೆವು. ಅತ್ತೆ, ನಾವಿಬ್ಬರು, ಅವರಿಬ್ಬರು, ಲಿಂಗಪ್ಪ. ಕತ್ತಲಾಗುವ ಹೊತ್ತಿಗೆ ಕೆಳಗಿನಿಂದ ಸದ್ದು. ಮೊದಲು ತಗಡು. ಆಮೇಲೆ ದಡದಡ ಏನೋ ಉರುಳಿತು. ಮರಿಯಮ್ಮ ಎದ್ದು ನಿಂತಳು. "ನಮ್ಮನೆ" ಎಂದಳು. ಮತ್ತೆ ಕೂತಳು.

ಇಲ್ಲಿಗೆ ಬರಲಿಲ್ಲ. ಮನೆಯವರೆಲ್ಲ ಮಲಗಿದ್ದಾರೆ. ಮರಿಯಮ್ಮ ಗಂಡನ ಪಕ್ಕ ಗೋಡೆಗೊರಗಿ ಕೂತೇ ಇದ್ದಾಳೆ. ಕಂಬಳಿ ಕೊಟ್ಟೆ, ತೆಗೆದುಕೊಂಡಳು.

ಜೂನ್ 2, ಸೋಮವಾರ

ಗೋಡೌನಿನ ಗೋಡೆ ಪೂರ್ತಿ ಆಚೆಗೆ ಬಿದ್ದಿದೆ. ಗುರುವಯ್ಯನ ಮಂಚದ ಮೇಲೆ. ಮಂಚದ ಕಾಲು ನಾಲ್ಕೂ ಮುರಿದಿದ್ದವು, ಇಟ್ಟಿಗೆಯಡಿಯಲ್ಲಿ ದಿಂಬಿನ ಮೂಲೆ ಕಾಣುತ್ತಿತ್ತು. ತಲೆ ಇಡುವ ಜಾಗ. ಕೊಲ್ಲುತ್ತಿದ್ದೆ. ಹಣ್ಣು ಹಾಳಾಗಬಾರದು ಎಂದು ಒಬ್ಬ ಮನುಷ್ಯನನ್ನು ಕೊಲ್ಲುತ್ತಿದ್ದೆ.

ಫಾರೆಸ್ಟರ್ ಮಹಜರಿಗೆ ಬಂದರು. ನೆಲ ಮುಟ್ಟಿ, ಬೆರಳು ಮೂಸಿದರು.

"ಹಲಸು ಇಟ್ಟಿದ್ರಾ ಇಲ್ಲಿ? ಬೇಡ ಅಂತ ಮೈಕಲ್ಲಿ ಹೇಳಿದ್ವಲ್ಲ ಸಾರ್."

ನಾಗೇಶ ಎಂದ: "ಲೈನಿನವರು ಇಟ್ಕೊಂಡಿದ್ರು. ಎಷ್ಟ್ ಹೇಳಿದ್ರೂ ಕೇಳಲ್ಲ."

ಇಟ್ಟಿಗೆಗಳ ನಡುವೆ ನಾನು ಕೊಟ್ಟ ಸ್ಟೀಲ್ ಡಬ್ಬಿ ಬಿದ್ದಿತ್ತು, ಒಳಗೆ ತೊಳೆ. ಫಾರೆಸ್ಟರ್ ಅದನ್ನು ನೋಡಿದರು, ನನ್ನನ್ನು ನೋಡಿದರು. "ಹೌದಾ ಮೇಡಂ?"

ನಾನು ಸೆರಗು ಸರಿಮಾಡಿಕೊಂಡೆ. ಅಷ್ಟೇ ಮಾಡಿದ್ದು. ಮರಿಯಮ್ಮ ನನ್ನ ಹಿಂದೆಯೇ ನಿಂತಿದ್ದಾಳೆ ಎಂದು ಆಮೇಲೆ ಗೊತ್ತಾಯಿತು.

ಮಧ್ಯಾಹ್ನ ಗಂಡನನ್ನು ಲಿಂಗಪ್ಪನ ಕೈಲಿ ಎತ್ತಿಸಿಕೊಂಡು ಕೆಳಗೆ ಹೋದಳು. ಮುರಿದ ಮನೆಯ ಪಕ್ಕದ ಖಾಲಿ ಕೋಣೆಗೆ. ಅನ್ನ ಬಡಿಸಿಟ್ಟಿದ್ದೆ, ಮುಟ್ಟಲಿಲ್ಲ. ಸಂಜೆ ಗ್ರೂಪಿನಲ್ಲಿ ಯಾರೋ ಬರೆದರು: "ಲೈನಿನ ಮರಿಯಮ್ಮ ಹಣ್ಣು ಇಟ್ಟುಕೊಂಡಿದ್ದೇ ಕಾರಣ. ದಯವಿಟ್ಟು ನಿಮ್ಮ ನಿಮ್ಮ ಆಳುಗಳಿಗೆ ತಿಳಿಹೇಳಿ." ಅದಕ್ಕೆ ಸಾಲು ಸಾಲು ಹೆಬ್ಬೆರಳು.

"ಗೋಡೆ ನಾನೇ ಕಟ್ಟಿಸ್ಕೊಡ್ತೀನಲ್ಲ. ಇನ್ನೇನಾಗ್ಬೇಕು?" ನಾಗೇಶನ ಮಾತು.

ಅತ್ತೆ ಎಲೆ ಉಗಿದು ಬಂದು ಹೇಳಿದರು: "ಕೋತಿ ಮೊಸರು ತಿಂದು ಮೇಕೆ ಬಾಯಿಗೆ ಒರೆಸ್ತಂತೆ." ಮಗನಿಗೆ ಹೇಳಿದರೋ ನನಗೋ. ಇಬ್ಬರೂ ತಲೆ ತಗ್ಗಿಸಿ ಉಂಡೆವು.

ಕೊಪ್ಪರಿಗೆಯಲ್ಲಿದ್ದದ್ದನ್ನು ಫಾರೆಸ್ಟಿನವರೇ ಹೊತ್ತುಕೊಂಡು ಹೋದರು, ಹಣ್ಣು ಯಾರದೆಂದು ಮತ್ತೆ ಕೇಳಲಿಲ್ಲ. ಒಂದು ಚಮಚೆಯೂ ಭರಣಿಗೆ ಹೋಗಲಿಲ್ಲ.

ಜೂನ್ 4, ಬುಧವಾರ. ಸಂಜೆ ಆರೂವರೆ

ಲೈನಿನಲ್ಲಿ ಕೂತು ಬರೆಯುತ್ತಿದ್ದೇನೆ. ಮರಿಯಮ್ಮ ಮಾತಾಡಿಸದಿದ್ದರೆ ತಪ್ಪಾಯಿತೆಂದು ಬರೆದು ಕೊಡೋಣ ಎಂದು ಪುಸ್ತಕ ಚೀಲಕ್ಕೆ ಹಾಕಿಕೊಂಡು ಬಂದೆ. ಅವಳಿಗೆ ಓದಲು ಬರುವುದಿಲ್ಲ ಎಂದು ಅರ್ಧ ದಾರಿಯಲ್ಲಿ ನೆನಪಾಯಿತು. ಇಷ್ಟು ವರ್ಷ ಕೆಲಸಕ್ಕೆ ಇಟ್ಟುಕೊಂಡು ಇಷ್ಟೂ ನೆನಪಿಲ್ಲ ನನಗೆ.

ಬಂದಾಗ ಐದು ಗಂಟೆ. ನಿನ್ನೆ ಬರಬೇಕಿತ್ತು. ನಿನ್ನೆ ಪೂರ್ತಿ ಧೈರ್ಯ ಬರಲಿಲ್ಲ, ಪುಸ್ತಕ ತೆಗೆಯಲೂ ಇಲ್ಲ.

"ಮನೆಗೆ ಬಾ ಮರಿಯಮ್ಮ. ಒಂಟಿ ಇನ್ನೂ ಇಲ್ಲೇ ಸುತ್ತುತಾ ಇದೆ."

"ಯಾವ ಮುಖ ಇಟ್ಕಂಡು ಬರ್ಲಿ? ಆನೆ ಕರ್ದೋಳು ನಾನು. ಸಂಸೆಯಿಂದ ನನ್ ತಮ್ಮ ಫೋನ್ ಮಾಡಿ ಉಗ್ದ, ತಿನ್ನೋ ಆಸೆಗೆ ಗಂಡನ್ನ ಕೊಲ್ತಿದ್ಯ ಅಂತ."

"ಫಾರೆಸ್ಟರಿಗೆ ಫೋನ್ ಮಾಡಿ ಹೇಳ್ತೀನಿ. ಹಣ್ಣು ನಂದು ಅಂತ."

"ಅವ್ರಿಗಷ್ಟೇ ಸಾಲ್ದು. ಗ್ರೂಪಲ್ಲಿ ಹೇಳಿ. ನನ್ ಮರ್ಯಾದೆ ಹೋಗಿದ್ದು ಅಲ್ಲೇ ಅಲ್ವ."

ಆ ಗ್ರೂಪಿನಲ್ಲಿ ಯಾರಿಲ್ಲ? ಸುತ್ತಲಿನ ಅಷ್ಟೂ ತೋಟದವರು, ನಮ್ಮ ನೆಂಟರು, ಮಹಿಳಾ ಸಮಾಜದವರು, ನಾಗೇಶ. ನಾಳೆ ಹೇಳುತ್ತೇನೆ ಎನ್ನಲು ಹೊರಟಿದ್ದೆ. ಗುರುವಯ್ಯ ಚಾಪೆ ಮೇಲಿಂದ ಸುಮ್ಮನೆ ನೋಡುತ್ತಿದ್ದ, ಬೈಗುಳ ಇಲ್ಲ, ಏನೂ ಇಲ್ಲ. ಗ್ರೂಪು ತೆರೆದು ಫೋನಿನ ಮೈಕ್ ಗುರುತು ಒತ್ತಿಹಿಡಿದು ಹೇಳಿದೆ: "ನಾನು ಶಾಲಿನಿ, ನಾಗೇಶ್ ಅವರ ಮನೆಯವಳು. ಗೋಡೌನಿನಲ್ಲಿ ಇದ್ದ ಹಲಸು ನಮ್ಮದು. ಅಲ್ಲಿ ಇಡಿಸಿದ್ದು ನಾನು. ಆನೆ ಬರಬಹುದು ಅಂತ ಗೊತ್ತಿದ್ದೇ ಇಡಿಸಿದೆ. ಮರಿಯಮ್ಮನದು ಏನೂ ತಪ್ಪಿಲ್ಲ."

ಕಳಿಸಿದೆ.

"ಇನ್ನೊಂದ್ಸಲ ಹಾಕಿ ಅಮ್ಮಾವ್ರೆ" ಎಂದ ಗುರುವಯ್ಯ. ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡ. ಮರಿಯಮ್ಮ "ಹೂಂ" ಎಂದಳು. ಎದ್ದು ಕಂಬಳಿ ಮಡಚತೊಡಗಿದಳು, ಪಾತ್ರೆ ಚೀಲಕ್ಕೆ ತುಂಬಿದಳು. ಬರುತ್ತಾಳೆ!

ನಾಗೇಶನ ಫೋನ್. ಬೈಯುತ್ತಾನೆ ಎಂದುಕೊಂಡೆ. "ಜೀಪ್ ತರ್ತೀನಿ. ಅಲ್ಲೇ ಇರಿ" ಎಂದ.

ನಾನು ಹೇಳಿದ್ದರ ಕೆಳಗೇ ಮುಂದಿನ ಮೆಸೇಜ್ ಬಂತು. ಫಾರೆಸ್ಟರದು. "ಒಂಟಿ ನಾಗೇಶಣ್ಣನ ತೋಟದ ಕೆರೆ ಹತ್ತಿರ, ಮನೆಗೂ ಲೈನಿಗೂ ನಡುವೆ. ಯಾರೂ ಹೊರಗೆ ಬರಬೇಡಿ. ಜೀಪು ತರಬೇಡಿ. ನಮ್ಮ ಟೀಮ್ ಮುಕ್ಕಾಲು ಗಂಟೆ ದೂರದಲ್ಲಿದೆ."

ಆರೂ ಮುಕ್ಕಾಲು

ದೀಪ ಆರಿಸಿದ್ದೇವೆ. ಫೋನ್ ಸೈಲೆಂಟ್. ಬಾಗಿಲ ಸಂದಿಯಿಂದ ಬರುವ ಬೆಳಕಿನಲ್ಲಿ ಬರೆಯುತ್ತಿದ್ದೇನೆ, ಸುಮ್ಮನೆ ಕೂತರೆ ಕೂಗಿಬಿಡುತ್ತೇನೆ ಎಂಬ ಭಯ. ನಾವಿಬ್ಬರೂ ಗುರುವಯ್ಯನನ್ನು ಚಾಪೆ ಸಮೇತ ಎಳೆದು ಒಳಗಿನ ಮೂಲೆಗೆ ತಂದೆವು. ಎಷ್ಟು ಹಗುರ ಆ ಮನುಷ್ಯ.

ಸೋಮವಾರ ಆ ಒಂದು ಮಾತಿಗೆ ‘ಇಲ್ಲ, ನಮ್ಮದು’ ಎಂದಿದ್ದರೆ ಇವರಿಬ್ಬರೂ ಈಗ ನಮ್ಮ ನಡುಮನೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಹೇಳಿದೆ, ಆದರೆ ತಡವಾಗಿ ಹೇಳಿದೆ.

"ನೀವ್ ಓಡ್ತೀರ ಅಮ್ಮಾವ್ರೆ?" ಮರಿಯಮ್ಮ ಕಿವಿಯಲ್ಲಿ ಕೇಳಿದಳು. "ಕಾಲ್ ಗಟ್ಟಿ ಇದ್ಯಲ್ಲ ನಿಮ್ಗೆ. ಮೇಲಿನ ದಾರಿಲಿ ಸುತ್ತಿ ಹೋಗ್ಬಹುದು."

ಇಲ್ಲ ಎಂದು ತಲೆ ಆಡಿಸಿದೆ. ಹೆದರಿಕೆ ಆಗುತ್ತಿದೆ, ತುಂಬಾ. ಆದರೂ ಇಲ್ಲ. ಅವಳು ಸರಿದು ಜಾಗ ಮಾಡಿದಳು. ಮೂವರೂ ಒಂದೇ ಗೋಡೆಗೆ ಒರಗಿದ್ದೇವೆ.

ಮಳೆ ನಿಂತಿದೆ. ಸಿಲ್ವರ್ ಮರದಿಂದ ಹನಿ ಬೀಳುವುದೂ ಕೇಳುತ್ತಿದೆ. ಗೋಡೌನಿನ ಕಡೆ ತಗಡು ಸರಿಯಿತು. ನಿಂತಿತು. ಮತ್ತೆ ಸರಿಯಿತು. ಉಸಿರು ಬಿಡುವ ಸದ್ದು… ನಮ್ಮದಲ್ಲ.

ಗುರುವಯ್ಯನಿಗೆ ಕೆಮ್ಮು ಒತ್ತಿ ಬರುತ್ತಿದೆ. ಮರಿಯಮ್ಮ ಒಂದು ಕೈಯಲ್ಲಿ ಅವನ ಬಾಯಿ ಮುಚ್ಚಿದಳು. ಗೋಡೆ ಅಲುಗಿತು. ಸುಣ್ಣ ಪುಟದ ಮೇಲೆ ಉದುರುತ್ತಿದೆ, ಅವಳ ಇನ್ನೊಂದು ಕೈ ಬಂದು ನನ್ನ ಪೆನ್ನು ಹಿಡಿದ ಕೈಯನ್ನು ಗಟ್ಟಿಯಾಗಿ